ಓಡುವಾಗ ತಂಪು, ನಿಂತಾಗ ಬಿಸಿ: ಎಸಿಗೆ ಮತ್ತೆ ಗ್ಯಾಸ್ ಹಾಕಿಸಬೇಕೇ?

ಮೂರನೇ ಗೇರ್:
ಕಾರು ಓಡುತ್ತಿದ್ದರೆ ಎಸಿ ಚೆನ್ನಾಗಿ ತಂಪಾಗುತ್ತದೆ. ಟ್ರಾಫಿಕ್‌ನಲ್ಲಿ ಎರಡು ಮೂರು ನಿಮಿಷ ನಿಂತರೆ ಬರೀ ಗಾಳಿ. ಆಗ ಬಾನೆಟ್ ಕಡೆಯಿಂದ ಟಕ್ ಎಂಬ ಸದ್ದು ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಟಕ್. ಹೊರಗೆ 34 ಡಿಗ್ರಿ. ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕ್ಲಚ್ ಇರುವ ಕಂಪ್ರೆಸರ್ (ಗ್ಯಾಸನ್ನು ಒತ್ತುವ ಪಂಪು, ಅದರ ಕ್ಲಚ್ ಹಿಡಿದಾಗ ಮಾತ್ರ ತಿರುಗುತ್ತದೆ), ಆರ್-134ಎ ಗ್ಯಾಸ್, ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ 430 ಗ್ರಾಂ ಎಂದಿದೆ. ಹಿಂದೊಮ್ಮೆ ಗ್ಯಾಸ್ ಟಾಪ್ ಅಪ್ ಆಗಿದೆ. ಈಗ ಮತ್ತೆ ಗ್ಯಾಸ್ ಕಡಿಮೆಯಾಗಿದೆ ಅನ್ನುತ್ತಿದ್ದಾರೆ. ಹಾಕಿಸಲೇ?

ಗೇಜ್ ಗೆಳೆಯ:
ಸದ್ಯಕ್ಕೆ ಬೇಡ ಸರ್. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಹೊರಗೆ ಹೋಗಿದೆ. ಹೋಗಿರದಿದ್ದರೆ ಮೇಲೆ ಹಾಕಿದ್ದೆಲ್ಲ ಹೆಚ್ಚುವರಿ. ಎರಡರಲ್ಲಿ ಯಾವುದು ಎಂಬುದನ್ನು ಒತ್ತಡ ಅಳೆಯುವ ಗೇಜ್ ಹಾಕದೆ ಹೇಳಲಾಗದು. ಓಡುವಾಗ ಸರಿ, ನಿಂತಾಗ ಇಲ್ಲ ಎಂದರೆ ನನ್ನ ಅನುಮಾನ ಮೊದಲು ಹೋಗುವುದು ಕಂಡೆನ್ಸರ್ (ಗ್ರಿಲ್ ಹಿಂದೆ ಗ್ಯಾಸಿನ ಬಿಸಿಯನ್ನು ಹೊರಹಾಕುವ ಜಾಲರಿ) ಮೇಲಿನ ಗಾಳಿಯ ಕಡೆಗೆ. ಓಡುವಾಗ ಎದುರುಗಾಳಿ ಕಂಡೆನ್ಸರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು.

ಇಂಜಿನ್ ಆಫ್ ಇದ್ದಾಗಲೇ ಗೇಜ್ ಹಾಕಿ. ನೀಲಿ ಪೈಪು ದಪ್ಪ ಪೈಪಿನ ಪೋರ್ಟಿಗೆ, ಕೆಂಪು ಸಣ್ಣ ಪೈಪಿನ ಪೋರ್ಟಿಗೆ. ಆರ್-134ಎ ಕಾರುಗಳಲ್ಲಿ ಲೋ ಪೋರ್ಟ್ 13 ಮಿಮೀ, ಹೈ ಪೋರ್ಟ್ 16 ಮಿಮೀ ಇರುವುದರಿಂದ ಅದಲು ಬದಲಾಗುವುದಿಲ್ಲ. ಗೇಜ್ ಪೈಪಿನ ತುದಿಯ ಕಪ್ಲರ್‌ನ ತಿರುಪನ್ನು ಪೂರ್ತಿ ಹಿಂದಕ್ಕೆ ತಿರುಗಿಸಿಕೊಂಡು ಒತ್ತಿ ಕೂರಿಸಿ, ಆಮೇಲೆ ತೆರೆಯಿರಿ. ಕನ್ನಡಕ, ಕೈಗವಸು ಬೇಕೇ ಬೇಕು. ಆರ್-134ಎ ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ದ್ರವ, ಕಣ್ಣಿಗೆ ಹಾರಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ.

ಮೂರು ಅಳತೆ ಬೇಕು. ಒಂದು, ಇಂಜಿನ್ ಪೂರ್ತಿ ತಣ್ಣಗಿದ್ದಾಗ ನಿಂತ ಒತ್ತಡ. ಎರಡು, ಎಲ್ಲ ಬಾಗಿಲು ತೆರೆದು, ಬ್ಲೋವರ್ ಪೂರ್ತಿ, ಟೆಂಪರೇಚರ್ ಕನಿಷ್ಠ, ರೀಸರ್ಕ್ಯುಲೇಶನ್ ಆನ್, ಇಂಜಿನ್ 1500 ಆರ್‌ಪಿಎಂನಲ್ಲಿ ಐದು ನಿಮಿಷ ಓಡಿಸಿದ ಮೇಲಿನ ಲೋ ಒತ್ತಡ (ದಪ್ಪ ಪೈಪಿನದು), ಹೈ ಒತ್ತಡ (ಸಣ್ಣ ಪೈಪಿನದು) ಮತ್ತು ನಡುವಿನ ವೆಂಟ್‌ನ ಉಷ್ಣತೆ. ಮೂರು, ಆಕ್ಸಿಲರೇಟರ್ ಒತ್ತದೆ ಐಡಲ್‌ಗೆ ಬಿಟ್ಟು ಐದು ನಿಮಿಷದ ನಂತರ ಅವೇ ಅಂಕಿಗಳು.

ಸ್ಪ್ಯಾನರ್ 10:
ಅಷ್ಟೆಲ್ಲ ಯಾಕೆ? ಇಂಜಿನ್ ಆಫ್ ಮಾಡಿ ಒತ್ತಡ ನೋಡಿದರೆ ಗ್ಯಾಸ್ ಎಷ್ಟಿದೆ ಎಂದು ಗೊತ್ತಾಗುತ್ತದಲ್ಲ.

ಗೇಜ್ ಗೆಳೆಯ:
ಗೊತ್ತಾಗುವುದಿಲ್ಲ, ಈ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಕಾರುಗಳಲ್ಲಿ ಗ್ಯಾಸ್ ಹೆಚ್ಚಾಗುವುದು. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ನಿಂತ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ. 20 ಡಿಗ್ರಿಯಲ್ಲಿ ಸುಮಾರು 68 ಪಿಎಸ್‌ಐ (ಒತ್ತಡದ ಅಳತೆ), 25ರಲ್ಲಿ 82, 30ರಲ್ಲಿ 97, 35ರಲ್ಲಿ 114. 250 ಗ್ರಾಂ ಇದ್ದರೂ ಅಷ್ಟೇ, 500 ಗ್ರಾಂ ಇದ್ದರೂ ಅಷ್ಟೇ. ಈ ಅಂಕಿಗಿಂತ ತೀರಾ ಕೆಳಗಿದ್ದರೆ ಬಹುಪಾಲು ಖಾಲಿ ಎಂದರ್ಥ. 15–20 ಪಿಎಸ್‌ಐ ಮೇಲಿದ್ದರೆ ಒಳಗೆ ಗಾಳಿ ಸೇರಿದೆ, ಅಥವಾ ಬೇರೆ ಗ್ಯಾಸ್ ಬೆರೆತಿದೆ. ನಿಂತ ಒತ್ತಡದಿಂದ ತಿಳಿಯುವುದು ಇಷ್ಟೇ. ಇಂಜಿನ್ ಬಿಸಿಯಿದ್ದರೆ ಇದೂ ನಂಬಲು ಬಾರದು.

ಮೂರನೇ ಗೇರ್:
ಅಳತೆ ಹೀಗಿದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ನಿಂತ ಒತ್ತಡ 83. ಮಧ್ಯಾಹ್ನ 34 ಡಿಗ್ರಿಯಲ್ಲಿ, 1500 ಆರ್‌ಪಿಎಂ: ಲೋ 46, ಹೈ 290, ವೆಂಟ್ 15 ಡಿಗ್ರಿ. ಐಡಲ್: ಲೋ 50, ಹೈ 310, ವೆಂಟ್ 19. ಹೈ ಅಲ್ಲಿಗೆ ನಿಲ್ಲುವುದಿಲ್ಲ, ನಿಧಾನವಾಗಿ 400ರ ಹತ್ತಿರ ಏರಿ ಟಕ್ ಅಂತ ಕ್ಲಚ್ ಬಿಡುತ್ತದೆ. ಒತ್ತಡ ಇಳಿದ ಮೇಲೆ ಮತ್ತೆ ಹಿಡಿಯುತ್ತದೆ.

ಗೇಜ್ ಗೆಳೆಯ:
ಗ್ಯಾಸ್ ಕಡಿಮೆ ಎಂಬ ಮಾತು ಇಲ್ಲಿಗೆ ಮುಗಿಯಿತು. ಕಡಿಮೆಯಿದ್ದರೆ ಲೋ, ಹೈ ಎರಡೂ ಕೆಳಗಿರುತ್ತಿದ್ದವು, ಲೋ ಒತ್ತಡ 25ರ ಕೆಳಗೆ ಇಳಿಯುತ್ತಿತ್ತು. ನಿಮ್ಮದರಲ್ಲಿ ಎರಡೂ ಮೇಲಿವೆ.

ಈ ಅಂಕಿಗಳನ್ನು ಉಷ್ಣತೆಗೆ ತಿರುಗಿಸಿ ನೋಡಿ, ಎಲ್ಲ ಸ್ಪಷ್ಟವಾಗುತ್ತದೆ. ಹೈ 310 ಎಂದರೆ ಕಂಡೆನ್ಸರ್‌ನಲ್ಲಿ ಗ್ಯಾಸ್ ಸುಮಾರು 72 ಡಿಗ್ರಿಯಲ್ಲಿ ದ್ರವವಾಗುತ್ತಿದೆ. ಹೊರಗಿನ ಗಾಳಿಗಿಂತ 15ರಿಂದ 25 ಡಿಗ್ರಿ ಮೇಲಿದ್ದರೆ ಆರೋಗ್ಯ. ಇಲ್ಲಿ 38 ಡಿಗ್ರಿ ಮೇಲಿದೆ, ಅಂದರೆ ಬಿಸಿ ಹೊರಗೆ ಹೋಗುತ್ತಿಲ್ಲ. ಲೋ 50 ಎಂದರೆ ಕಾರಿನೊಳಗಿನ ಗಾಳಿಯನ್ನು ತಣಿಸುವ ಕೂಲಿಂಗ್ ಕಾಯಿಲ್ ಒಳಗೆ 12 ಡಿಗ್ರಿ. ಕಾಯಿಲ್ಲೇ 12 ಇರುವಾಗ ವೆಂಟ್‌ನಲ್ಲಿ 8 ಬರುವ ಮಾತೇ ಇಲ್ಲ. 400ರ ಆಸುಪಾಸಿನಲ್ಲಿ ಕ್ಲಚ್ ಬಿಡುವುದು ಪ್ರೆಶರ್ ಸ್ವಿಚ್ಚಿನ ಕೆಲಸ, ಅದು ಕಂಪ್ರೆಸರನ್ನು ಉಳಿಸುತ್ತಿದೆ. ಅದನ್ನು ಯಾರೂ ಬೈಪಾಸ್ ಮಾಡಲು ಬಿಡಬೇಡಿ.

ಸ್ಪ್ಯಾನರ್ 10:
ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಕಟ್ಟಿಕೊಂಡಿರಬಹುದು. ಹೈ ಏರುವುದು ಅದರಿಂದಲೇ.

ಶೀತಲಚಕ್ರ:
ಡ್ರೈಯರ್ ಅಥವಾ ಎಕ್ಸ್‌ಪಾನ್ಶನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ದ್ರವವನ್ನು ಸಣ್ಣ ತೂತಿನಿಂದ ಬಿಡುವ ವಾಲ್ವ್) ಕಟ್ಟಿಕೊಂಡರೆ ಕಾಯಿಲ್‌ಗೆ ದ್ರವ ಹೋಗುವುದಿಲ್ಲ, ಹಾಗಾಗಿ ಲೋ ಒತ್ತಡ ಬೀಳುತ್ತದೆ, ಕೆಲವೊಮ್ಮೆ ವ್ಯಾಕ್ಯೂಮ್‌ವರೆಗೂ ಹೋಗುತ್ತದೆ. ದ್ರವ ಕಂಡೆನ್ಸರ್‌ನಲ್ಲೇ ಕೂತುಬಿಡುವುದರಿಂದ ಹೈ ಅಷ್ಟೇನೂ ಏರದೆಯೂ ಇರಬಹುದು. ಕಟ್ಟಿದ ಜಾಗದ ಎರಡೂ ಕಡೆ ಕೈಯಿಟ್ಟರೆ ತಿಳಿಯುತ್ತದೆ: ಒಂದು ಕಡೆ ಬಿಸಿ, ಇನ್ನೊಂದು ಕಡೆ ಒಮ್ಮೆಲೇ ತಣ್ಣಗೆ, ಒಮ್ಮೊಮ್ಮೆ ಮಂಜು ಹಿಡಿದಿರುತ್ತದೆ. ಇಲ್ಲಿ ಲೋ 50 ಇರುವುದರಿಂದ ಅದು ಅಲ್ಲ.

ಕಂಪ್ರೆಸರ್ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತು ಅದೇ ಬರುತ್ತದೆ. ಒಳಗೆ ಸವೆದ ಕಂಪ್ರೆಸರ್‌ನಲ್ಲಿ ಲೋ ಮೇಲೆ, ಹೈ ಕೆಳಗೆ. ಉದಾಹರಣೆಗೆ 70 ಮತ್ತು 130. ಎರಡು ಸೂಜಿಗಳೂ ಒಂದನ್ನೊಂದು ಹುಡುಕಿಕೊಂಡು ಬರುತ್ತವೆ. 310 ತಳ್ಳುವ ಕಂಪ್ರೆಸರ್‌ಗೆ ಪಂಪಿಂಗ್ ಕೊರತೆಯಿಲ್ಲ. ಎಕ್ಸ್‌ಪಾನ್ಶನ್ ವಾಲ್ವ್ ತೆರೆದೇ ನಿಂತಿದ್ದರೆ ಲೋ ಮೇಲೇರುತ್ತದೆ, ಹೈ ಸಾಧಾರಣವಾಗಿರುತ್ತದೆ, ಕಂಪ್ರೆಸರ್‌ಗೆ ಹೋಗುವ ದಪ್ಪ ಪೈಪು ಬೆವರಿ ನೀರಿಳಿಯುತ್ತದೆ.

ಉಳಿದದ್ದು ಮೂರು: ಫ್ಯಾನು, ಕಂಡೆನ್ಸರ್‌ನ ಕೊಳೆ, ಗ್ಯಾಸ್ ಹೆಚ್ಚಾಗಿರುವುದು. ಒಳಗೆ ಗಾಳಿ ಸೇರಿಲ್ಲ ಎಂದು ಬೆಳಗಿನ 83 ಹೇಳಿಬಿಟ್ಟಿದೆ. ಸುಲಭದ ಪರೀಕ್ಷೆಯೆಂದರೆ ಐಡಲ್‌ನಲ್ಲಿ ಹೈ ಏರುತ್ತಿರುವಾಗ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ತೆಳುವಾಗಿ ನೀರು ಸಿಂಪಡಿಸಿ. ಹೈ ದಬದಬನೆ ಇಳಿದು ವೆಂಟ್ ತಣ್ಣಗಾದರೆ ತೊಂದರೆ ಗಾಳಿಯದು.

ವೈರಿಂಗ್ ನಕ್ಷೆ:
ನೀರು ಸಿಂಪಡಿಸುವಾಗಲೇ ಫ್ಯಾನನ್ನೂ ನೋಡಿ. ಎಸಿ ಹಾಕಿದ ಕೂಡಲೇ ಫ್ಯಾನು ನಿಧಾನದ ವೇಗದಲ್ಲಿ ಶುರುವಾಗಬೇಕು. ಹೈ 220ರ ಆಸುಪಾಸಿಗೆ, ಅಂದರೆ 15 ಬಾರ್ ಹತ್ತಿರ ಬಂದಾಗ ಜೋರು ವೇಗಕ್ಕೆ ಏರಬೇಕು. ಕೈ, ಸಡಿಲ ಬಟ್ಟೆ ದೂರವಿರಲಿ. ಕೀ ಆಫ್ ಮಾಡಿದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನು ತಾನಾಗಿ ತಿರುಗುತ್ತದೆ.

ಮೂರನೇ ಗೇರ್:
ನೀರು ಹಾಕಿದಾಗ ಹೈ 310ರಿಂದ 230ಕ್ಕೆ ಇಳಿಯಿತು, ವೆಂಟ್ 19ರಿಂದ 12ಕ್ಕೆ ಬಂತು. ಫ್ಯಾನು ನಿಧಾನವಾಗಿ ತಿರುಗುತ್ತದೆ, ಹೈ 390 ಆದರೂ ವೇಗ ಏರುವುದಿಲ್ಲ.

ವೈರಿಂಗ್ ನಕ್ಷೆ:
ಹಾಗಾದರೆ ದಾರಿ ಸಿಕ್ಕಿತು. ನಿಧಾನದ ವೇಗ ಇದೆ, ಜೋರು ವೇಗ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ನಿಧಾನದ್ದು ಇಲ್ಲದೆ ಜೋರಿನದು ಮಾತ್ರ ಇದ್ದಿದ್ದರೆ ಫ್ಯಾನಿನ ರೆಸಿಸ್ಟರ್ ಸುಟ್ಟಿದೆ ಎನ್ನುತ್ತಿದ್ದೆ. ನಿಮ್ಮದರಲ್ಲಿ ಜೋರು ವೇಗದ ರಿಲೇ (ಸಣ್ಣ ಕರೆಂಟಿನ ಆದೇಶದಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು), ಅದರ ಫ್ಯೂಸ್, ಅಥವಾ ಆ ರಿಲೇಗೆ ಆದೇಶ ಕೊಡುವ ಸರ್ಕ್ಯೂಟ್.

ಫ್ಯೂಸ್ ಕಣ್ಣಲ್ಲಿ ನೋಡಿ ಬಿಡಬೇಡಿ, ಎರಡೂ ತುದಿಯಲ್ಲಿ ವೋಲ್ಟ್ ಅಳೆಯಿರಿ. ಆಮೇಲೆ ರಿಲೇ ತೆಗೆದು ಸಾಕೆಟ್ಟಿನ 30ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ ನೋಡಿ. ಇದ್ದರೆ, ಫ್ಯೂಸ್ ಇರುವ ದಪ್ಪ ಜಂಪರ್ ವೈರಿನಿಂದ 30 ಮತ್ತು 87 ಅನ್ನು ಸೇರಿಸಿ. ಫ್ಯಾನು ಜೋರಾಗಿ ತಿರುಗಿದರೆ ಮೋಟರ್, ವೈರು, ಅರ್ಥ್ ಮೂರೂ ಸರಿ. ಹೈ ಏರಿರುವಾಗ 85 ಮತ್ತು 86ರ ನಡುವೆ 12 ವೋಲ್ಟ್ ಸಿಗುತ್ತದೆಯೇ ನೋಡಿ. ಸಿಕ್ಕರೆ ಆದೇಶ ಬರುತ್ತಿದೆ, ರಿಲೇ ಕೆಟ್ಟಿದೆ. ಸಿಗದಿದ್ದರೆ ಪ್ರೆಶರ್ ಸೆನ್ಸರ್ ಕಡೆ ಹೋಗಬೇಕು. ಮೂರು ವೈರಿನ ಸೆನ್ಸರ್ ಆಗಿದ್ದರೆ ಒಂದು 5 ವೋಲ್ಟ್, ಒಂದು ಅರ್ಥ್, ಮೂರನೆಯದು ಒತ್ತಡದ ಜೊತೆ ಸಾಮಾನ್ಯವಾಗಿ 0.5ರಿಂದ 4.5ರವರೆಗೆ ಏರುವ ಸಿಗ್ನಲ್. ಸ್ಕ್ಯಾನರ್ ತೋರಿಸುವ ಒತ್ತಡವೂ ಗೇಜ್ ತೋರಿಸುವ ಒತ್ತಡವೂ ಒಂದೇ ಇರಬೇಕು.

ಮೂರನೇ ಗೇರ್:
ಜಂಪರ್ ಹಾಕಿದರೆ ಫ್ಯಾನು ಜೋರಾಗಿ ತಿರುಗಿತು. 85–86ರಲ್ಲಿ 12 ವೋಲ್ಟ್ ಇದೆ. ರಿಲೇ ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟ್ ಕಪ್ಪಗೆ ಸುಟ್ಟಿದೆ. ಹೊಸದು ಹಾಕಿದ್ದಾಯಿತು, ಫ್ಯಾನು ಎರಡೂ ವೇಗದಲ್ಲಿ ಓಡುತ್ತಿದೆ. ಈಗ ಐಡಲ್‌ನಲ್ಲಿ ಲೋ 44, ಹೈ 255, ವೆಂಟ್ 13. ಕ್ಲಚ್ ಬಿಡುತ್ತಿಲ್ಲ.

ವೈರಿಂಗ್ ನಕ್ಷೆ:
ಕಾಂಟ್ಯಾಕ್ಟ್ ಸುಮ್ಮನೆ ಸುಡುವುದಿಲ್ಲ. ಬೇರಿಂಗ್ ಬಿಗಿಯಾದ ಮೋಟರ್ ಹೆಚ್ಚು ಕರೆಂಟ್ ಎಳೆದು ಹೊಸ ರಿಲೇಯನ್ನೂ ಸುಡುತ್ತದೆ. ಡಿಸಿ ಕ್ಲಾಂಪ್ ಮೀಟರ್ ಹಾಕಿ ಅಳೆಯಿರಿ. 30 ಆಂಪ್ ಫ್ಯೂಸ್ ಇರುವ ಕಡೆ ಜೋರು ವೇಗದಲ್ಲೂ 20ರ ಒಳಗಿರಬೇಕು. ಫ್ಯಾನು ಓಡುತ್ತಿರುವಾಗ 30 ಮತ್ತು 87ರ ನಡುವಿನ ವೋಲ್ಟೇಜ್ ಡ್ರಾಪ್ 0.2 ಮೀರಬಾರದು.

ಮೂರನೇ ಗೇರ್:
14 ಆಂಪ್. ಡ್ರಾಪ್ 0.08.

ಗೇಜ್ ಗೆಳೆಯ:
ಮೋಟರ್ ಸರಿ. ಆದರೆ 255 ಇನ್ನೂ ಹೆಚ್ಚು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೂತ ಧೂಳು, ಹುಳು, ಎಲೆ ತೆಗೆಯಿರಿ. ಎದುರಿನಿಂದ ಸ್ವಚ್ಛವಾಗಿ ಕಾಣುವ ಕಂಡೆನ್ಸರ್‌ನ ಹಿಂಬದಿ ಕಂಬಳಿ ಹೊದ್ದಂತಿರುತ್ತದೆ. ಸಾಧಾರಣ ಪೈಪಿನ ನೀರು ಸಾಕು, ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ. ಅದಾದ ಮೇಲೂ ಇಳಿಯದಿದ್ದರೆ ಗ್ಯಾಸ್ ಹೊರತೆಗೆದು ತೂಗಲೇಬೇಕು. ಹಿಂದೆ ಆದ ಟಾಪ್ ಅಪ್ ಮೇಲೆ ನನಗೆ ಅನುಮಾನ.

ಸ್ಪ್ಯಾನರ್ 10:
ಸೈಟ್ ಗ್ಲಾಸ್ (ಒಳಗಿನ ಗ್ಯಾಸ್ ಕಾಣುವ ಗಾಜಿನ ಕಿಂಡಿ) ಇದ್ದರೆ ಗುಳ್ಳೆ ಹೋಗುವವರೆಗೆ ತುಂಬಿದರೆ ಸಾಕಲ್ಲವೇ?

ಶೀತಲಚಕ್ರ:
ಅದು ಆರ್-12 ಎಂಬ ಹಳೆಯ ಗ್ಯಾಸಿನ ಕಾಲದ ಅಭ್ಯಾಸ. ಆರ್-134ಎ ಸಿಸ್ಟಂನಲ್ಲಿ ಸರಿಯಾದ ತೂಕದಲ್ಲೂ ಗುಳ್ಳೆ ಕಾಣಬಹುದು. ಗುಳ್ಳೆ ಹೋಗುವವರೆಗೆ ತುಂಬಿದರೆ ಹೆಚ್ಚಾಗುತ್ತದೆ. ಇಂದಿನ ಸಣ್ಣ ಕಂಡೆನ್ಸರ್‌ಗಳಲ್ಲಿ 20–30 ಗ್ರಾಂ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಾದ ದ್ರವ ಕಂಡೆನ್ಸರ್‌ನ ಕೆಳಗಿನ ಸಾಲುಗಳಲ್ಲಿ ನಿಂತು ಗ್ಯಾಸ್ ದ್ರವವಾಗುವ ಜಾಗವನ್ನೇ ಕಿತ್ತುಕೊಳ್ಳುತ್ತದೆ. ಗೇಜ್ ನೋಡಿಕೊಂಡು ತುಂಬುವುದೂ ಊಹೆಯೇ. ಸ್ಟಿಕ್ಕರ್ ಹೇಳಿದಷ್ಟು, ತಕ್ಕಡಿಯಲ್ಲಿ ತೂಗಿ. ಬೇರೆ ದಾರಿಯಿಲ್ಲ.

ಹಿಂದಿನ ಸೀಟು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೇರೆ ತೊಂದರೆ. ಹೊರಟಾಗ ಚೆನ್ನಾಗಿ ತಂಪು. ಅರ್ಧ ಗಂಟೆ ಓಡಿದ ಮೇಲೆ ವೆಂಟ್‌ನಿಂದ ಗಾಳಿಯೇ ಕಡಿಮೆ, ಬ್ಲೋವರ್ ಸದ್ದು ಮಾತ್ರ ಜೋರು. ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ, ಕಾರಿನ ಕೆಳಗೆ ತುಂಬಾ ನೀರು ಸುರಿಯುತ್ತದೆ.

ಶೀತಲಚಕ್ರ:
ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ ಮೇಡಂ/ಸರ್. ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಕಟ್ಟಿಕೊಂಡ ಫಿಲ್ಟರ್‌ನಿಂದ ಗಾಳಿ ಕಡಿಮೆಯಾದರೆ ಕಾಯಿಲ್ ಸೊನ್ನೆಯ ಕೆಳಗೆ ಹೋಗುತ್ತದೆ. ಫಿಲ್ಟರ್ ಸರಿಯಿದ್ದರೆ ಕಾಯಿಲ್‌ಗೆ ಸಿಕ್ಕಿಸಿರುವ, ಉಷ್ಣತೆ ಅಳೆಯುವ ಥರ್ಮಿಸ್ಟರ್ ನೋಡಿ. ಕಾಯಿಲ್ 2ರಿಂದ 4 ಡಿಗ್ರಿ ತಲುಪಿದಾಗ ಅದರ ಸೂಚನೆಯಿಂದ ಕಂಪ್ರೆಸರ್ ಬಿಡಬೇಕು. ಅದು ಜಾಗ ಬಿಟ್ಟು ಸರಿದಿದ್ದರೂ ಇದೇ ಲಕ್ಷಣ. ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಏರುವ ಜಾತಿಯದು; ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಅಳೆದು, ನಿಮ್ಮ ಕಾರಿನ ಕೈಪಿಡಿಯ ಸೊನ್ನೆ ಡಿಗ್ರಿಯ ಅಂಕಿಯೊಡನೆ ಹೋಲಿಸಿ.

ಹಾಗಲ್ಲದೆ ಗಾಳಿ ಜೋರಾಗಿಯೇ ಇದ್ದು ತಂಪು ಮಾತ್ರ ಹೋಗಿ ಬಂದು ಮಾಡುತ್ತಿದ್ದರೆ, ಅದು ಒಳಗಿನ ತೇವ. ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ತೂತಿನಲ್ಲಿ ನೀರು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಕರಗಿದಾಗ ತೆರೆಯುತ್ತದೆ. ಆಗ ಡ್ರೈಯರ್ ಬದಲಿಸಿ, ಉದ್ದಕ್ಕೆ ವ್ಯಾಕ್ಯೂಮ್ ಎಳೆಯಬೇಕು.

ಹಿಂದಿನ ಸೀಟು:
ಫಿಲ್ಟರ್ ಪೂರ್ತಿ ಕಪ್ಪಾಗಿತ್ತು. ಬದಲಿಸಿ ಓಡಿಸಿದೆ, ಈಗ ಗಾಳಿ ಕಡಿಮೆಯಾಗುತ್ತಿಲ್ಲ. ಧನ್ಯವಾದ.

ಮೂರನೇ ಗೇರ್:
ಕಂಡೆನ್ಸರ್ ತೊಳೆದ ಮೇಲೆ ಹೈ 240. ಮೆಷಿನ್‌ನಲ್ಲಿ ಗ್ಯಾಸ್ ಹೊರತೆಗೆದಾಗ 520 ಗ್ರಾಂ ಬಂತು. 430ರ ಜಾಗದಲ್ಲಿ 520!

ಗೇಜ್ ಗೆಳೆಯ:
90 ಗ್ರಾಂ ಹೆಚ್ಚು. ಅಂದರೆ ಟಾಪ್ ಅಪ್ ಆದಾಗಲೂ ಗ್ಯಾಸ್ ಕಡಿಮೆ ಇದ್ದಿರಲಾರದು. ಮೆಷಿನ್ ಜೊತೆಗೆ ಎಷ್ಟು ಆಯಿಲ್ ಹೊರಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ, ಅಷ್ಟೇ ಆಯಿಲ್ ವಾಪಸ್ ಹೋಗಬೇಕು. ಹೇಗೂ ಖಾಲಿಯಾಗಿದೆ, 45 ನಿಮಿಷ ವ್ಯಾಕ್ಯೂಮ್ ಹಾಕಿಸಿ. ಪಂಪ್ ನಿಲ್ಲಿಸಿ 20 ನಿಮಿಷ ಸೂಜಿ ಕದಲದೆ ನಿಲ್ಲಬೇಕು. ಆಮೇಲೆ 430 ಗ್ರಾಂ ತೂಗಿ ಹಾಕಲಿ.

ಸ್ಪ್ಯಾನರ್ 10:
ವ್ಯಾಕ್ಯೂಮ್ ನಿಂತರೆ ಲೀಕ್ ಇಲ್ಲವೆಂದು ಖಾತ್ರಿ ತಾನೇ?

ಶೀತಲಚಕ್ರ:
ದೊಡ್ಡ ಲೀಕ್ ಇಲ್ಲ ಎನ್ನಬಹುದು, ಅಷ್ಟೇ. ವ್ಯಾಕ್ಯೂಮ್‌ನಲ್ಲಿ ಒಳಗೂ ಹೊರಗೂ ವ್ಯತ್ಯಾಸ ಹೆಚ್ಚೆಂದರೆ 1 ಬಾರ್, ಅದೂ ಒಳಮುಖವಾಗಿ. ಓಡುವಾಗ ಹೈ ಸೈಡ್‌ನಲ್ಲಿ 15 ಬಾರ್ ಹೊರಮುಖವಾಗಿ ತಳ್ಳುತ್ತದೆ. ಜಾಯಿಂಟ್‌ಗಳ ಕೆಲವು ಒ-ರಿಂಗ್‌ಗಳು (ರಬ್ಬರ್ ಉಂಗುರಗಳು) ವ್ಯಾಕ್ಯೂಮ್‌ಗೆ ಬಿಗಿಯಾಗಿ ಕೂತು ಒತ್ತಡಕ್ಕೆ ಬಿಟ್ಟುಕೊಡುತ್ತವೆ. ಗ್ಯಾಸ್ ನಿಜವಾಗಿ ಕಡಿಮೆಯಾಗುತ್ತಿರುವ ಕಾರಿನಲ್ಲಿ ಒಣ ನೈಟ್ರೋಜನ್ ಅನ್ನು ರೆಗ್ಯುಲೇಟರ್ ಮೂಲಕ 10 ಬಾರ್‌ವರೆಗೆ ತುಂಬಿ ಸೋಪು ನೀರು ಹಚ್ಚಿ ನೋಡಬೇಕು. ಆಕ್ಸಿಜನ್ ಎಂದಿಗೂ ಬೇಡ, ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ. ಟೈರಿಗೆ ತುಂಬುವ ಗಾಳಿಯೂ ಬೇಡ, ತೇವ ಒಳಗೆ ಹೋಗುತ್ತದೆ.

ಎಲೆಕ್ಟ್ರಾನಿಕ್ ಡಿಟೆಕ್ಟರ್ ಇದ್ದರೆ ಮೂತಿಯನ್ನು ಜಾಯಿಂಟ್‌ಗಳ ಕೆಳಬದಿಯಲ್ಲಿ ನಿಧಾನವಾಗಿ ಆಡಿಸಿ, ಗ್ಯಾಸ್ ಗಾಳಿಗಿಂತ ಭಾರ. ಮೊದಲು ಸರ್ವಿಸ್ ಪೋರ್ಟಿನ ವಾಲ್ವ್ ಪಿನ್‌ಗಳು. ಸಣ್ಣ ಭಾಗ, ಎಲ್ಲರೂ ಮರೆಯುತ್ತಾರೆ. ಆಮೇಲೆ ಕಂಡೆನ್ಸರ್‌ನ ಮುಂಭಾಗದಲ್ಲಿ ಕಲ್ಲು ಬಡಿದ ಜಾಗ, ಪೈಪಿನ ಕ್ರಿಂಪ್‌ಗಳು, ಕಂಪ್ರೆಸರ್ ಶಾಫ್ಟ್ ಸೀಲ್. ಎಣ್ಣೆ ಜಿಡ್ಡಿಗೆ ಧೂಳು ಅಂಟಿದ್ದರೆ ಅಲ್ಲೇ ಹುಡುಕಿ. ಕೂಲಿಂಗ್ ಕಾಯಿಲ್ ಕಣ್ಣಿಗೆ ಕಾಣದು. ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ನೀರಿಳಿಯುವ ಡ್ರೈನ್ ಟ್ಯೂಬಿನ ಬಾಯಲ್ಲಿ ಡಿಟೆಕ್ಟರ್ ಹಿಡಿಯಿರಿ. ನೀರು ಡಿಟೆಕ್ಟರ್ ಒಳಗೆ ಹೋಗದಂತೆ ನೋಡಿಕೊಳ್ಳಿ.

ಲೀಕ್ ಮುಚ್ಚುವ ಸೀಲಂಟ್ ಡಬ್ಬಿ ಮಾತ್ರ ಹಾಕಿಸಬೇಡಿ. ತೇವ ತಗುಲಿದಲ್ಲೆಲ್ಲ ಗಟ್ಟಿಯಾಗಿ ಎಕ್ಸ್‌ಪಾನ್ಶನ್ ವಾಲ್ವನ್ನೂ ಗ್ಯಾಸ್ ತೆಗೆಯುವ ಮೆಷಿನ್ನನ್ನೂ ಹಾಳು ಮಾಡುತ್ತದೆ.

ಮೂರನೇ ಗೇರ್:
430 ಗ್ರಾಂ ತುಂಬಿ ಆಯಿತು. 34 ಡಿಗ್ರಿ, ಐಡಲ್: ಲೋ 34, ಹೈ 215, ವೆಂಟ್ 9. ಅರ್ಧ ಗಂಟೆ ನಿಂತರೂ ಹಾಗೆಯೇ ಇದೆ. ಎಲ್ಲರಿಗೂ ಋಣಿ.

ನಾಲ್ಕನೇ ಸಿಲಿಂಡರ್:
ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ನನ್ನ ಕಾರಿನಲ್ಲಿ ಕ್ಲಚ್ ತಣ್ಣಗಿದ್ದಾಗ ಹಿಡಿಯುತ್ತದೆ, ಇಂಜಿನ್ ಬಿಸಿಯಾದ ಮೇಲೆ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ. ಒತ್ತಡಗಳು ಸರಿಯಿವೆ. ಕಂಪ್ರೆಸರ್ ಬದಲಿಸಿ ಎನ್ನುತ್ತಿದ್ದಾರೆ.

ವೈರಿಂಗ್ ನಕ್ಷೆ:
ಕಂಪ್ರೆಸರ್ ತೆಗೆಯುವ ಮುಂಚೆ ಕ್ಲಚ್ಚಿನ ಗ್ಯಾಪ್ ಅಳೆಯಿರಿ ಅಣ್ಣ. ಪುಲ್ಲಿಗೂ ಮುಂದಿನ ತಟ್ಟೆಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿದರೆ ಬಹುತೇಕ ಕಾರುಗಳಲ್ಲಿ 0.3ರಿಂದ 0.6 ಮಿಮೀ ಇರಬೇಕು. ತಟ್ಟೆ ಸವೆದಂತೆ ಗ್ಯಾಪ್ ಹೆಚ್ಚುತ್ತದೆ. ಕ್ಲಚ್ಚನ್ನು ಎಳೆಯುವ ತಂತಿ ಸುರುಳಿ (ಕ್ಲಚ್ ಕಾಯಿಲ್) ಬಿಸಿಯಾದಾಗ ಅದರ ರೆಸಿಸ್ಟೆನ್ಸ್ ಏರಿ ಕರೆಂಟ್ ಇಳಿಯುತ್ತದೆ, ಅಯಸ್ಕಾಂತದ ಬಲ ಅಷ್ಟು ದೂರ ಎಳೆಯಲು ಸಾಲದು. ಹಿಡಿಯದೆ ನಿಂತಿರುವಾಗ ಕ್ಲಚ್ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ. 12ರ ಹತ್ತಿರ ಇದ್ದೂ ಹಿಡಿಯುತ್ತಿಲ್ಲವೆಂದರೆ ದೋಷ ಕ್ಲಚ್ಚಿನದು. ಇಂಜಿನ್ ಓಡುತ್ತಿರುವಾಗ ಉದ್ದನೆಯ ಒಣ ಮರದ ಕೋಲಿನಿಂದ ತಟ್ಟೆಯನ್ನು ತುಸು ತಳ್ಳಿದಾಗ ಹಿಡಿದರೆ ಗ್ಯಾಪ್ ಎಂಬುದು ಖಚಿತ, ಆದರೆ ಬೆಲ್ಟ್ ಹತ್ತಿರದ ಕೆಲಸ, ಅನುಭವವಿಲ್ಲದವರು ಮಾಡಬಾರದು.

ಕ್ಲಚ್ ಕಾಯಿಲ್ ರೆಸಿಸ್ಟೆನ್ಸ್ ತಣ್ಣಗಿದ್ದಾಗ ಸಾಮಾನ್ಯವಾಗಿ 3ರಿಂದ 5 ಓಮ್. ಅದು ಸರಿಯಿದ್ದರೆ ನಡುವಿನ ಬೋಲ್ಟ್ ಬಿಚ್ಚಿ ತಟ್ಟೆ ಎಳೆದು, ಶಾಫ್ಟ್ ಮೇಲಿನ ಶಿಮ್‌ಗಳಲ್ಲಿ (ತೆಳು ಬಿಲ್ಲೆಗಳಲ್ಲಿ) ಒಂದನ್ನು ತೆಗೆದರೆ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಸ್ ತೆಗೆಯಬೇಕಾಗಿಲ್ಲ. ಮತ್ತೆ ಕೂರಿಸಿ ಮೂರು ಕಡೆ ಗ್ಯಾಪ್ ಅಳೆಯಿರಿ, ಎಲ್ಲಿಯೂ ಉಜ್ಜಬಾರದು.

ಸ್ಪ್ಯಾನರ್ 10:
ಶಿಮ್ ತೆಗೆದರೂ ಹಿಡಿಯದೆ ಕೊನೆಗೆ ಕಂಪ್ರೆಸರ್ ಬದಲಿಸುವ ಹಾಗಾದರೆ ಆಯಿಲ್ ಎಷ್ಟು ಹಾಕಬೇಕು?

ಶೀತಲಚಕ್ರ:
ಹಳೆಯ ಕಂಪ್ರೆಸರ್‌ನ ಆಯಿಲನ್ನು ಅಳತೆಯ ಗ್ಲಾಸಿಗೆ ಸುರಿದುಕೊಳ್ಳಿ. ಉದಾಹರಣೆಗೆ 50 ಮಿಲಿ ಬಂದರೆ, ಹೊಸದರಲ್ಲಿ ತುಂಬಿ ಬಂದಿರುವುದನ್ನೂ ಹೊರತೆಗೆದು ಅಷ್ಟೇ ವಾಪಸ್ ಹಾಕಿ. ಹೊಸದರಲ್ಲಿ ಬಹಳಷ್ಟು ಸಲ ಇಡೀ ಸಿಸ್ಟಂಗೆ ಬೇಕಾದಷ್ಟು ಇರುತ್ತದೆ, ಹಾಗೇ ಕೂರಿಸಿದರೆ ಹೆಚ್ಚಾದ ಆಯಿಲ್ ಕೂಲಿಂಗ್ ಕಾಯಿಲ್ ಗೋಡೆಗೆ ಅಂಟಿ ತಂಪು ಕಡಿಮೆಯಾಗುತ್ತದೆ. ಡ್ರೈಯರ್ ಬದಲಿಸಿದ್ದಕ್ಕೆ 10–15 ಮಿಲಿ ಸೇರಿಸಿ. ಪಿಎಜಿ ಎಂಬ ಕಂಪ್ರೆಸರ್ ಆಯಿಲಿನ 46, 100, 150 ಎಂಬ ದಪ್ಪಗಳಲ್ಲಿ ಯಾವುದು ಎಂಬುದು ಕಂಪ್ರೆಸರ್ ಮೇಲಿನ ಲೇಬಲ್‌ನಲ್ಲಿರುತ್ತದೆ. ಪಿಎಜಿ ಗಾಳಿಯ ತೇವವನ್ನು ಬೇಗ ಹೀರುವುದರಿಂದ ತೆರೆದಿಟ್ಟ ಡಬ್ಬಿಯ ಆಯಿಲ್ ಬಳಸಬೇಡಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನ ಹೈ ವೋಲ್ಟೇಜ್ ಕಂಪ್ರೆಸರ್‌ಗೆ ಕಂಪನಿ ಹೇಳಿದ ಆಯಿಲ್ ಮಾತ್ರ, ಹೆಚ್ಚಿನವುಗಳಿಗೆ ಪಿಒಇ ಎಂಬ ಬೇರೆ ಜಾತಿಯದು. ಅದರೊಳಗೆ ಸಾಮಾನ್ಯ ಪಿಎಜಿ ಬೆರೆತರೆ ಮೋಟರ್ ಸುರುಳಿಯ ಇನ್ಸುಲೇಶನ್ ಇಳಿದು ಕಾರು ದೋಷ ತೋರಿಸಿ ನಿಲ್ಲುತ್ತದೆ.

ಆಯಿಲ್ ಸುರಿಯುವಾಗ ಅದರ ಬಣ್ಣ ನೋಡಿ. ಕಪ್ಪಾಗಿ ಲೋಹದ ಪುಡಿ ಹೊಳೆಯುತ್ತಿದ್ದರೆ ಆ ಪುಡಿ ಕಂಡೆನ್ಸರ್‌ವರೆಗೂ ಹೋಗಿದೆ. ಇಂದಿನ ಕಂಡೆನ್ಸರ್‌ಗಳ ಕೂದಲೆಳೆಯ ದಾರಿಗಳಿಂದ ಅದನ್ನು ಫ್ಲಶ್ ಮಾಡಿ ತೆಗೆಯಲಾಗದು. ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್ ಮೂರನ್ನೂ ಹೊಸ ಕಂಪ್ರೆಸರ್ ಜೊತೆಗೇ ಬದಲಿಸಿ, ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಮಾತ್ರ ಫ್ಲಶ್ ಮಾಡಿ ನೈಟ್ರೋಜನ್ ಊದಿ ಒಣಗಿಸಿ. ಡ್ರೈಯರ್‌ನ ಮುಚ್ಚಳ ತೆಗೆಯುವುದು ಎಲ್ಲ ಜೋಡಿಸಿದ ಮೇಲೆ, ವ್ಯಾಕ್ಯೂಮ್ ಪಂಪ್ ಹಚ್ಚುವುದಕ್ಕೆ ಸ್ವಲ್ಪ ಮುಂಚೆ.